ನಲವತ್ತನೆಯ ಚಮಚ

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ತೊಲೆಗೆನ್ ಪೆಟ್ಟಿಗೆ ತೆರೆದಾಗ, ಹಳೆಯ ಕಾರುಗಳ ಚಿತ್ರವಿದ್ದ ಆರು ಬೆಳ್ಳಿ ನಾಣ್ಯಗಳಲ್ಲಿ ಒಂದು ಇರಲಿಲ್ಲ. ಪೊಬೆಡಾ ಕಾರಿನ ನಾಣ್ಯದ ಗಾಜಿನ ಡಬ್ಬಿ ಖಾಲಿಯಾಗಿತ್ತು. ಮರುದಿನ ಕರಗಂಡಾ ನಗರದ ನಾಣ್ಯ ಸಂಗ್ರಾಹಕರ ಪ್ರದರ್ಶನಕ್ಕೆ ಆರೂ ಹೋಗಬೇಕಿತ್ತು.

ಪಕ್ಕದ ಕೋಣೆಯಲ್ಲಿ, ನಲವತ್ತು ದಿನ ತುಂಬಿದ ಮೊಮ್ಮಗಳ ಸ್ನಾನಕ್ಕೆ ಹೆಂಡತಿ ಜೌರೆಶ್ ಬೋಗುಣಿಗೆ ಒಂದೊಂದೇ ಚಮಚ ನೀರು ಹಾಕುತ್ತಿದ್ದಳು. ಹೆಂಗಸರು ಎಣಿಸುತ್ತಿದ್ದರು. ತಳದಲ್ಲಿ, ಶುಭಕ್ಕೆಂದು ಹಾಕಿದ ಉಂಗುರ ಬಳೆಗಳ ನಡುವೆ, ಪೊಬೆಡಾ ಹೊಳೆಯುತ್ತಿತ್ತು. ಹನ್ನೆರಡು ವರ್ಷ ಬರಿಗೈ ತಾಗದಂತೆ ಕಾದ, ಕನ್ನಡಿಯಂಥ ನಾಣ್ಯ. ನಲವತ್ತನೆಯ ಚಮಚ ಬಿದ್ದು ಸ್ನಾನ ಮುಗಿದರೆ, ವಾಡಿಕೆಯಂತೆ ಆ ಬೆಳ್ಳಿಯನ್ನು ಹೆಂಗಸರು ಹಂಚಿಕೊಳ್ಳುತ್ತಾರೆ. ತೊಲೆಗೆನ್ ಬಿಳಿ ಕೈಗವಸು ಹಾಕಿಕೊಂಡು, ಖಾಲಿ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತ.

"ಮೂವತ್ತೇಳು... ಏನಯ್ಯಾ, ಆಪರೇಷನ್ ಮಾಡೋಕೆ ಬಂದ್ಯಾ?" ಎಂದಳು ನೆರೆಮನೆಯ ಮುದುಕಿ ಕುಲ್ಯಾಷ್. ಎಲ್ಲರೂ ನಕ್ಕರು.

ಮೂವತ್ತೆಂಟನೆಯ ಚಮಚ ಹಾಕಿ ಜೌರೆಶ್ ತಿರುಗಿದಳು. ಅವನ ಕೈಯಲ್ಲಿದ್ದ ಡಬ್ಬಿ ಕಂಡು ಅವಳ ಮುಖ ಬಿಳಿಚಿತು. "ರೀ, ನಾಳೆ ಕಳಿಸೋದು ಅದೇನಾ? ಬೆಳ್ಳಿ ಇದೆಯಲ್ಲಾ ಅಂತ ನಾನು..." ಎಣಿಕೆ ನಿಂತಿತು.

"ಅದಲ್ಲ ಕಣೇ. ಅದನ್ನ ಇವಳ ಸ್ನಾನಕ್ಕೇ ಅಂತ ತೆಗೆದಿಟ್ಟಿದ್ದೆ," ಎಂದ ತೊಲೆಗೆನ್, ಕೈಗವಸು ಕಳಚುತ್ತ. "ನೀನು ಹಾಕು. ಮೂವತ್ತೊಂಬತ್ತು."

ಸ್ನಾನ ಮುಗಿದ ಮೇಲೆ ಕುಲ್ಯಾಷ್ ಆ ನಾಣ್ಯವನ್ನು ಲಂಗದ ಅಂಚಿನಿಂದ ಚೆನ್ನಾಗಿ ಉಜ್ಜಿ ಒರೆಸಿ ಮನೆಗೆ ಒಯ್ದಳು. ಸೋಮವಾರದ ಪ್ರದರ್ಶನದಲ್ಲಿ ತೊಲೆಗೆನ್‌ನ ಹೆಸರಿನಡಿ ಐದು ಕಾರುಗಳಿದ್ದವು.