ಸಂಜೆ ಏಳರ ಸೂಚನೆ

ಈಗ ವರ್ಷಕ್ಕೆ ಹತ್ತು ತಿಂಗಳು ಕಾಡು ಉರಿಯುತ್ತದೆ. ಊರವರೆಲ್ಲ ಒಣ ಕೆರೆಯಂಗಳದ ಶಿಬಿರದಲ್ಲಿದ್ದಾರೆ, ನಾನೊಬ್ಬಳು ಗುಡ್ಡದ ಕಾವಲು ಗೋಪುರದಲ್ಲಿ. ಗಾಳಿ, ಹೊಗೆ, ಹೊರಡುವ ದಾರಿಯನ್ನು ಕಣ್ಣಾರೆ ನೋಡಿ ಊರಿನ ಮೊಬೈಲ್ ಗುಂಪಿಗೆ ಬರೆಯುವುದು ನನ್ನ ಕೆಲಸ. ಬೇರೆ ಸಂಪರ್ಕವಿಲ್ಲ. ಗುಂಪಿನಲ್ಲಿ ಸ್ವಂತ ಮಾತು ಬರೆಯುವಂತಿಲ್ಲ. ಸುಳ್ಳು ಸುದ್ದಿ ಹಾಕಿದವರನ್ನು ಮಳೆ ಬರುವ ತನಕ ಹೊರಗಿಡಬೇಕು. ಎರಡೂ ನಾನೇ ಮಾಡಿದ ನಿಯಮ.

ಸಂಜೆ ಐದಕ್ಕೆ ಸಂದೇಶ ಬಂತು: "ಶಿಬಿರದ ಹಿಂದ ಹೊಗಿ ಎದ್ದೈತಿ. ನೋಡಾಕ ಕೆಳಗ ಬರ್ರಿ."

ಬರೆದವಳು ದಾನಮ್ಮ, ಎರಡು ತಿಂಗಳಿಂದ ನನ್ನನ್ನು ನೋಡಿರದ ಒಂಬತ್ತು ವರ್ಷದ ಮಗಳು.

ದುರ್ಬೀನು ಹಿಡಿದೆ. ಹೊಗೆ ಇರಲಿಲ್ಲ. ಜನ ಆಗಲೇ ಗಂಟು ಕಟ್ಟುತ್ತಿದ್ದರು.

"ಖರೇನ ನೀಲಕ್ಕ? ನಮ್ಮವ್ವನ್ನ ಹೊತ್ಕೊಂಡು ಓಡ್ಲೇನು?" ಎಂದು ಶಿಬಿರದಿಂದ ಕಲ್ಲಪ್ಪ ಗುಂಪಿನಲ್ಲಿ ಕೇಳಿದ.

"ಸುಳ್ಳು. ಕಣ್ಣಾರೆ ನೋಡೀನಿ, ಕುಂಡ್ರು," ಎಂದು ಬರೆದು, ಮಗಳ ಹೆಸರನ್ನು ಗುಂಪಿನಿಂದ ತೆಗೆದೆ.

"ಸಣ್ಣ ಕೂಸೈತಿ, ಬಿಟ್ಟಬಿಡಕ್ಕ," ಎಂದ ಕಲ್ಲಪ್ಪ.

"ಇವತ್ತ ಬಿಟ್ರ, ಖರೇ ಹೊಗಿ ಎದ್ದಾಗ ಯಾರು ನಂಬ್ತೀರಿ?"

ಏಳರ ಸೂಚನೆಗಳನ್ನು ಶಿಬಿರದ ಮೈಕಿನಲ್ಲಿ ಓದುತ್ತಾರೆ. ಕೊಡ ತುಂಬಿಡಿ, ಚಪ್ಪಲಿ ಬಾಗಿಲ ಬಳಿ ಇರಲಿ, ಒದ್ದೆ ಬಟ್ಟೆ ಕೈಗೆ ಸಿಗುವಂತಿರಲಿ ಎಂದು ಬರೆದೆ. ಕೊನೆಗೆ ಇನ್ನೊಂದು ಸಾಲು ಸೇರಿಸಿದೆ: ಹೆಣ್ಣುಮಕ್ಕಳು ಬಿಗಿಯಾಗಿ ಜಡೆ ಹಾಕಿಕೊಂಡೇ ಮಲಗಬೇಕು, ಹಾಕಿಕೊಳ್ಳಲು ಬಾರದ ಮಕ್ಕಳಿಗೆ ಪಕ್ಕದವರು ಹಾಕಬೇಕು.

ನಾನ್ನೂರು ಜನ "ಆತು" ಎಂದರು. ಕಲ್ಲಪ್ಪ ಮಾತ್ರ ತಡವಾಗಿ ಬರೆದ: "ನಮ್ಮವ್ವ ಒಂದ ಹುಡುಗಿಗೆ ಜಡಿ ಹಾಕಾಕತ್ತಾಳ. ಅತ್ತು ಅತ್ತು ಸುಮ್ಮನಾಗೇತಿ. ಸ್ವಂತ ಮಾತಲ್ಲಕ್ಕ, ಕಣ್ಣಾರೆ ನೋಡಿದ್ದು."