ಚಾಂಪಿಯನ್ನಿನ ಬಲಭುಜ

ಕೊನೆಯ ಎಸೆತಕ್ಕೆ ಅವನ ಬಲಭುಜದೊಳಗೆ ಏನೋ ಹರಿದಂತಾಯಿತು. ಎದುರಾಳಿಯ ಬ್ಯಾಟು ಚೆಂಡು ಸಿಗದೆ ಗಾಳಿಯಲ್ಲಿ ಸುತ್ತಿತು. ಕಾಲೇಜಿಗೆ ಮೊದಲ ಸಲ ಬೇಸ್‌ಬಾಲ್ ಚಾಂಪಿಯನ್‌ಶಿಪ್ ಬಂತು. "ಚಿರಂತ್! ಚಿರಂತ್!" ಎಂದು ಹುಡುಗರು ಕೂಗಿದರು. ಮೂರನೇ ಸಲ ಕೂಗಿದಾಗ ಅವನು ತಿರುಗಿ ನೋಡಿ ಎಡಗೈ ಎತ್ತಿದ.

ವಾರದ ಮೇಲೆ, ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ಬಲಗೈ ಇಟ್ಟುಕೊಂಡು, ಟೀಮು ಕಟ್ಟಿದ ಪಿ.ಡಿ. ಸರ್ ಕೋಣೆಗೆ ಬಂದ.

"ಆಪರೇಷನ್ ಆಗ್ಲೇಬೇಕಂತೆ ಸರ್. ಇಲ್ದಿದ್ರೆ ಈ ಕೈ ಇನ್ನು ಮೇಲೇಳಲ್ವಂತೆ."

"ಅಯ್ಯೋ, ಅದಕ್ಯಾಕೋ ಹೆದರ್ತೀಯ? ಟೀಮಿನ ಅಷ್ಟೂ ಹುಡುಗರಿಗೆ ಇನ್ಶೂರೆನ್ಸ್ ಮಾಡ್ಸಿದೀನಿ. ಫಾರಂ ತುಂಬು."

ಅವನು ಎಡಗೈಯಲ್ಲಿ ಸೊಟ್ಟಸೊಟ್ಟಗೆ ತುಂಬಿಕೊಟ್ಟ. ಸರ್ ಅದನ್ನು ಓದಿದರು. ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಸಿದ್ದರಾಜು ಅಂತ ಬರೆದಿದೀಯಲ್ಲೋ!"

"ನನ್ನ ಹೆಸರು ಅದೇ ಅಲ್ವಾ ಸರ್?"

"ನೀನು ಕಾಲೇಜು ಬಿಟ್ಟು ಎರಡು ವರ್ಷ ಆಯ್ತು. ಈ ಹೆಸರಿನೋನು ನಮ್ಮ ಟೀಮಲ್ಲೇ ಇಲ್ಲ."

"ಚಿರಂತ್ ಐಡಿ ಕಾರ್ಡು ನನ್ನ ಕೊರಳಿಗೆ ಹಾಕಿದ್ದು ನೀವೇ. ಸೀಸನ್ ಪೂರ್ತಿ ಅವನ ಹೆಸರಲ್ಲಿ ಆಡಿದ್ದು ನಾನು. ಗೆದ್ರೆ ಮತ್ತೆ ಸೀಟು ಕೊಡಿಸ್ತೀನಿ ಅಂದಿದ್ರಿ."

"ಮೆಲ್ಲಗೆ ಮಾತಾಡೋ."

"ಹಾಗಾದ್ರೆ ಅವನ ಹೆಸರಲ್ಲೇ ಇನ್ನೊಂದು ಫಾರಂ ತುಂಬ್ತೀನಿ ಸರ್."

ಸರ್ ಕಿಟಕಿಯತ್ತ ತಿರುಗಿದರು. ಹೊರಗೆ ಮೈದಾನದಲ್ಲಿ ಪತ್ರಿಕೆಯವರು ಫೋಟೊ ತೆಗೆಯುತ್ತಿದ್ದರು. ಇಸ್ತ್ರಿ ಮಾಡಿದ ಜೆರ್ಸಿ ತೊಟ್ಟ ಚಿರಂತ್ ಚಿನ್ನದ ಪದಕವನ್ನು ಬಲಗೈಯಲ್ಲಿ ಮೇಲಕ್ಕೆತ್ತಿ ಹಿಡಿದಿದ್ದ.

"ಅವನ ಭುಜ ಚೆನ್ನಾಗೇ ಇದೆಯಲ್ಲಪ್ಪಾ."