ಚಿಕ್ಕಪ್ಪ ತಂದ ಸೆಂಟು

ಮೊನ್ನೆ ವಿಮಾನ ನಿಲ್ದಾಣದ ಡ್ಯೂಟಿ ಫ್ರೀ ಅಂಗಡಿಯಲ್ಲಿ ಯಾವುದೋ ಸೆಂಟಿನ ವಾಸನೆ ಮೂಗಿಗೆ ಬಡಿದು, ಮರಳವಾಡಿಯ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಯಿತು.

ಚಿಕ್ಕಪ್ಪ ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಹೊಸ ಮೆಷಿನ್ ಕೆಲಸ ಕಲಿಯಲು ಕಂಪನಿಯವರು ಅವನನ್ನು ಜರ್ಮನಿಗೆ ಕಳಿಸಿದ್ದರು. ಬರುವಾಗ ಸೆಂಟು ತರುತ್ತಾನೆಂದು ಚಿಕ್ಕಮ್ಮ ಬೀದಿಗೆಲ್ಲ ಹೇಳಿಬಿಟ್ಟಿದ್ದಳು. ಅವನು ಬಂದ ದಿನ ಅಕ್ಕಪಕ್ಕದ ಹೆಂಗಸರೆಲ್ಲ ನಮ್ಮ ಜಗಲಿಯಲ್ಲಿ ಕೂತಿದ್ದರು.

ಪೆಟ್ಟಿಗೆಯಲ್ಲಿ ಚಾಕೊಲೇಟ್ ಇತ್ತು, ಸೋಪು ಇತ್ತು. ಸೆಂಟು ಮಾತ್ರ ಇರಲಿಲ್ಲ.

“ತಕೊಂಡಿದ್ದೆ ಕಣಮ್ಮಿ. ಅಂಗ್ಡಿಯವ್ರು ಕವರ್‌ಗೆ ಸೀಲ್ ಹಾಕಿ ಕೊಟ್ಟಿದ್ರು. ಊರು ಸೇರೋಗಂಟ ಬಿಚ್ಬಾರ್ದಂತೆ. ನಾನು ಬಿಚ್ಚಿದ್ದೆ ಅಂತ, ವಿಮಾನ ಬದ್ಲಾಯ್ಸೋ ಕಡೆ ಚೆಕಿಂಗ್‌ನವ್ರು ಕಿತ್ಕೊಂಬುಟ್ರು.”

“ಯಾಕ್ ಬಿಚ್ಚುದ್ರಿ ಮತ್ತೆ?” ಎಂದಳು ಚಿಕ್ಕಮ್ಮ.

“ನಿಂಗೆ ಒಪ್ತದಾ ಇಲ್ವಾ ಅಂತ ಒಸಿ ಮೂಸ್ ನೋಡ್ದೆ.”

ಹೆಂಗಸರು ಬಾಯಿಗೆ ಸೆರಗಿಟ್ಟು ನಕ್ಕರು. ಚಿಕ್ಕಪ್ಪ ತಲೆ ತಗ್ಗಿಸಿ, ಕೈಚೀಲದಿಂದ ಗಂಟು ಹಾಕಿದ ಪ್ಲಾಸ್ಟಿಕ್ ಕವರೊಂದನ್ನು ತೆಗೆದ. ಒಳಗೆ ಅವನದೇ ನೀಲಿ ಅಂಗಿ.

“ಅವ್ರಿಗೆ ಕೊಡಾಕೆ ಮುಂಚೆ ಇದ್ರ ಮ್ಯಾಲೆ ಆದಷ್ಟು ಹೊಡ್ದೆ.”

ಗಂಟು ಬಿಚ್ಚಿದ್ದೇ ಜಗಲಿಯೆಲ್ಲ ಘಮ್ಮೆಂದಿತು. ಚಿಕ್ಕಮ್ಮ ಅಂಗಿಯನ್ನು ಎದೆಗೆ ಅವುಚಿಕೊಂಡು ಒಳಗೆ ಹೋದಳು.

“ಒಗೀಬ್ಯಾಡ ಕಣವ್ವ ಅದ,” ಎಂದು ಅಜ್ಜಿ ಕೂಗಿ ಹೇಳಿದರು.

ಮಾರನೆಯ ಬೆಳಿಗ್ಗೆ ರಾಗಿ ಕಳೆ ಕೀಳಲು ಹೊರಟಾಗ ಚಿಕ್ಕಮ್ಮ ಸೀರೆಯ ಮೇಲೆ ಅದೇ ಅಂಗಿ ತೊಟ್ಟಿದ್ದಳು. ಬಿಸಿಲೇರಿದಂತೆ ಹೊಲದಲ್ಲಿ ಹೆಂಗಸರು ಒಬ್ಬೊಬ್ಬರೇ ಏನೋ ನೆಪ ಮಾಡಿಕೊಂಡು ಅವಳ ಪಕ್ಕಕ್ಕೆ ಬಂದರು. ಅವಳು ಯಾರನ್ನೂ ಗದರಲಿಲ್ಲ. ಬಂದವರಿಗೆಲ್ಲ ತೋಳು ಚಾಚಿ ಮೂಸಲು ಕೊಟ್ಟಳು.